ಬೆಣ್ಣೆ ಏಳದಿದ್ದರೆ ಕೈಯನ್ನು ಬೈಯಬೇಡಿ

ಶಿಯಾ ಮರದ ಬೀಜದಿಂದ ಬೆಣ್ಣೆ ಕಡೆದವರಿಗೆ ಈ ಸಂಕಟ ಗೊತ್ತು. ಹುರಿದ ಬೀಜವನ್ನು ಗಿರಣಿಯಲ್ಲಿ ಬೀಸಿಸಿ ತಂದ ಹಿಟ್ಟು ಬೋಗುಣಿಯಲ್ಲಿರುತ್ತದೆ. ನೀರು ಹದವಾಗಿರುತ್ತದೆ. ಮೊಣಕೈವರೆಗೆ ಕೈ ಮುಳುಗಿಸಿ, ಬಡಿದು ಬಡಿದು ಕಡೆದು ರಟ್ಟೆ ಬಿದ್ದುಹೋಗಿರುತ್ತದೆ. ಆದರೂ ಹಿಟ್ಟು ಬೆಳ್ಳಗಾಗುವುದಿಲ್ಲ. ಮುನಿಸಿಕೊಂಡ ಬೀಗರ ಹಾಗೆ ಮುಖ ಕಪ್ಪಗೆ ಮಾಡಿಕೊಂಡು ಕೂತಿರುತ್ತದೆ. ನಾವೂ ಬಿಡುವುದಿಲ್ಲ, ಅದೂ ಬಗ್ಗುವುದಿಲ್ಲ.

ನಮ್ಮ ಹೆಂಗಸರ ಸಂಘದ ಚಪ್ಪರದಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ದಿನ ಹೀಗೇ ಆಯಿತು. ಬೋಗುಣಿಯ ಮುಂದೆ ಕೂತಿದ್ದವಳು ವುಂಪಿನಿ. ಜುವೇರಾಳ ಸೊಸೆ, ಚೊಚ್ಚಲ ಬಸುರಿ, ಆಗ ಏಳು ತಿಂಗಳು. ನಾನು ಕುಬುರಾ, ಜುವೇರಾಳ ಪಕ್ಕದ ಮನೆಯವಳು. ನಮ್ಮಿಬ್ಬರ ಅಂಗಳಕ್ಕೂ ಒಂದೇ ಮಣ್ಣಿನ ಗೋಡೆ. ಹಾಗಾಗಿ ಅವಳ ಮನೆಯ ಮಾತು ನನಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೇಳಿಸುತ್ತದೆ. ಕಿವಿಗೆ ಬಾಗಿಲಿಲ್ಲ, ನಾನೇನು ಮಾಡಲಿ.

"ನೀರು ಹಾಕ್ಲೇನೇ?" ಎಂದು ವುಂಪಿನಿಯನ್ನು ಕೇಳಿದೆ.

"ಹಾಕಿ ಅಕ್ಕಾ."

"ಬಿಸೀದೋ, ತಣ್ಣಂದೋ?"

"ಯಾವುದಾದ್ರೂ ಹಾಕಿ. ಇದು ಎರಡಕ್ಕೂ ಜಗ್ತಾ ಇಲ್ಲ."

ನಗಿಸಲೆಂದು ಹೇಳಿದಳು, ಆದರೆ ಅವಳ ತುಟಿ ಒಣಗಿತ್ತು. ಅಕ್ಕಪಕ್ಕದ ಬೋಗುಣಿಗಳಲ್ಲಿ ಆಗಲೇ ಬೆಣ್ಣೆ ಏಳುತ್ತಿತ್ತು. ಕಂದು ಹಿಟ್ಟು ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಬೆಳ್ಳಗಾಗಿ, ಉಬ್ಬಿಕೊಂಡು ಮೇಲೆ ಬರುತ್ತಿತ್ತು. ಹೆಂಗಸರು ಹಾಡುತ್ತಾ, ಒಬ್ಬರ ಗಂಡನನ್ನು ಇನ್ನೊಬ್ಬರು ಗೇಲಿ ಮಾಡುತ್ತಾ ಕಡೆಯುತ್ತಿದ್ದರು. ವುಂಪಿನಿಯ ಬೋಗುಣಿಯಲ್ಲಿ ಮಾತ್ರ ಬರೀ ಕೆಸರು. ಅದನ್ನು ನೋಡಿ ಒಬ್ಬೊಬ್ಬರೇ ಹಾಡು ನಿಲ್ಲಿಸಿದರು.

ಜುವೇರಾ ಎದ್ದು ಬಂದಳು. ನಮ್ಮೂರಲ್ಲಿ ಬೆಣ್ಣೆ ಎಂದರೆ ಜುವೇರಾ. ಅವಳು ಕೈಯಿಟ್ಟರೆ ಏಳದ ಬೆಣ್ಣೆ ಇಲ್ಲ ಎಂದು ಊರೆಲ್ಲ ಹೇಳುತ್ತದೆ, ಊರು ಹೇಳದ ದಿನ ಅವಳೇ ಹೇಳಿಕೊಳ್ಳುತ್ತಾಳೆ. ಸೊಸೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಕೈ ಹೊರಗೆ ತೆಗೆಸಿದಳು.

"ಸಾಕು ಮಗಳೇ, ಬಿಡು. ನಿನ್ನ ಕೈಗುಣ ಈಗ ಸರಿ ಇಲ್ಲ. ಕೈ ತಣ್ಣಗಾಗಿದೆ."

"ಇನ್ನೊಂಚೂರು ನೋಡ್ತೀನಿ ಅತ್ತೆ."

"ನೋಡಿದ್ದಾಯ್ತಲ್ಲ. ಹೆತ್ತು ಬಂದ್ಮೇಲೆ ಕಡಿಯುವಂತೆ. ಅಲ್ಲೀವರೆಗೂ ಸಂಘದ ಬೋಗುಣಿಗೆ ಕೈ ಹಾಕ್ಬೇಡ. ಬೇರೆಯವರದ್ದೂ ಕೆಟ್ಟುಹೋದ್ರೆ ನಾಳೆ ನಿನ್ನನ್ನೇ ಅಂತಾರೆ."

ಇದು ನಮ್ಮ ಕಡೆ ಹಳಬರ ನಂಬಿಕೆ. ಬೆಣ್ಣೆ ಏಳದಿದ್ದರೆ ಕಡೆಯುವವಳ ಕೈ ತಣ್ಣಗಾಗಿದೆ ಎನ್ನುತ್ತಾರೆ. ಬಸುರಿಯಾಗಿರಬೇಕು, ಇಲ್ಲ ಗಂಡನ ಜೊತೆ ಜಗಳ ಆಡಿರಬೇಕು, ಇಲ್ಲ ಯಾರ ಮೇಲೋ ಹೊಟ್ಟೆಕಿಚ್ಚು ಪಟ್ಟಿರಬೇಕು ಎನ್ನುತ್ತಾರೆ. ಜುವೇರಾ ಕೆಟ್ಟವಳಲ್ಲ. ಸೊಸೆಯೆಂದರೆ ಅವಳಿಗೆ ಪ್ರಾಣ. ಈಗಲೂ ಸೊಸೆಗೆ ನಾಲ್ಕು ಮಾತು ಬರದಿರಲಿ ಎಂದೇ ಹಾಗೆ ಹೇಳಿದಳು. ಆದರೆ ಹೇಳಿದ್ದು ಇಡೀ ಚಪ್ಪರದ ಮುಂದೆ. ವುಂಪಿನಿ ತಲೆ ತಗ್ಗಿಸಿಕೊಂಡು ಎದ್ದು, ಕೈಗೆ ಮೆತ್ತಿದ್ದ ಕೆಸರನ್ನು ಒರೆಸಿಕೊಂಡಳು.

ಅವಳಿಗೆ ಆದ ನೋವು ಅವಮಾನದ್ದಷ್ಟೇ ಅಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರಿಗೆ ಹೊರಟ ಮಗಳು ಒಂದು ಸೋರೆ ಬುರುಡೆಯ ತುಂಬ ತಾನೇ ಕಡೆದ ಬೆಣ್ಣೆ ಒಯ್ಯಬೇಕು ಎಂಬುದು ನಮ್ಮೂರ ಸುತ್ತಿನ ರೂಢಿ. ಹುಟ್ಟಿದ ಮಗುವಿನ ಮೈಗೆ ಮೊದಲು ಹಚ್ಚುವುದು ಆ ಬೆಣ್ಣೆ. ಗಂಡನ ಮನೆಯಲ್ಲಿ ಮಗಳು ಹೇಗಿದ್ದಾಳೆ ಎಂದು ಹೆತ್ತವಳು ಬಾಯಿಬಿಟ್ಟು ಕೇಳುವುದಿಲ್ಲ, ಬುರುಡೆಯ ಮುಚ್ಚಳ ತೆಗೆದು ನೋಡುತ್ತಾಳೆ. ಬೇರೆಯವರ ಬೆಣ್ಣೆ ಒಯ್ದರೆ ಮಗುವಿಗೆ ಅಡ್ಡಹೆಸರು ಅಂಟುತ್ತದೆ. ನನ್ನ ಸೋದರಮಾವನಿಗೆ ಹಲ್ಲೆಲ್ಲ ಉದುರಿದ ಮೇಲೂ ಗೆಳೆಯರು "ಏ ಎರವಲು ಬೆಣ್ಣೆ" ಎಂದೇ ಕೂಗುತ್ತಿದ್ದರು. ವುಂಪಿನಿ ತವರಿಗೆ ಹೊರಡಲು ಇನ್ನು ಹೆಚ್ಚು ದಿನ ಇರಲಿಲ್ಲ.

ಅಷ್ಟರಲ್ಲಿ ಕಟ್ಟಿಗೆ ಹೊರೆ ಇಳಿಸಿ ನಪಾಗಾ ಬಂದಳು. ಜುವೇರಾಳೂ ನಪಾಗಾಳೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ದಿನಕ್ಕೊಮ್ಮೆ ಜಗಳ ಆಡದಿದ್ದರೆ ಇಬ್ಬರಿಗೂ ಉಂಡದ್ದು ಅರಗುವುದಿಲ್ಲ. ಹೋದ ವರ್ಷ ಸಂಘಗಳ ಒಕ್ಕೂಟದವರು ತಮಾಲೆ ಪಟ್ಟಣದಲ್ಲಿ ತರಬೇತಿ ಕೊಟ್ಟಾಗ ನಮ್ಮ ಕಡೆಯಿಂದ ಹೋಗಿದ್ದವಳು ನಪಾಗಾ. ಅವಳು ಬೋಗುಣಿಗೆ ಬಗ್ಗಿ ಮೂಸಿ ನೋಡಿದಳು. ಆಮೇಲೆ ವುಂಪಿನಿಯ ಗೋಣಿಚೀಲದಲ್ಲಿ ಹುರಿಯದೆ ಉಳಿದಿದ್ದ ಬೀಜದ ತಿರುಳಿನಲ್ಲಿ ಒಂದನ್ನು ಕಲ್ಲಿನ ಮೇಲಿಟ್ಟು ಕುಟ್ಟಿದಳು. ಒಳಗೆಲ್ಲ ಕಪ್ಪು, ನಡುವೆ ಪೊಳ್ಳು.

"ಕೈಗುಣ ಅಂತೆ! ತಿರುಳೇ ಕೊಳೆತಿದೆಯಲ್ಲೇ ಜುವೇರಾ. ಇದರಿಂದ ಹ್ಯಾಗೆ ಏಳತ್ತೆ ಬೆಣ್ಣೆ?"

"ಕಪ್ಪಾದ್ರೆ ಏನಾಯ್ತು? ಹುರಿದ್ಮೇಲೆ ಎಲ್ಲಾ ತಿರುಳೂ ಕಪ್ಪೇ ಆಗತ್ತೆ."

"ಹುರಿದು ಕಪ್ಪಾಗೋದು ಬೇರೆ, ಮೊಳಕೆ ಬಂದು ಕಪ್ಪಾಗೋದು ಬೇರೆ. ಒಳ್ಳೇ ತಿರುಳು ಒಡೆದ್ರೆ ಒಳಗೆ ಎಣ್ಣೆ ಮಿನುಗ್ಬೇಕು. ಬೀಜ ಮೊಳೆತ್ರೆ ಒಳಗಿನ ಎಣ್ಣೇನ ಅದೇ ತಿಂದ್ಕೊಳತ್ತೆ. ನಮಗೆ ಉಳಿಯೋದು ಕಹಿ."

"ಅಯ್ಯೋ, ಪಟ್ಟಣಕ್ಕೆ ಹೋಗಿ ಬಿಸ್ಕತ್ತು ತಿಂದು ಬಂದೋಳು ನೀನು. ನಿನ್ನ ಹತ್ರ ಬೆಣ್ಣೆ ಕಲೀಬೇಕಾ ನಾನು?"

"ಬಿಸ್ಕತ್ತು ನಿನಗೂ ತಂದಿದ್ನಲ್ಲ. ಇಡೀ ಪೊಟ್ಟಣ ಒಬ್ಬಳೇ ನುಂಗಿದೆ."

ಚಪ್ಪರದಲ್ಲಿ ನಗು ಎದ್ದಿತು. ನಪಾಗಾ ವುಂಪಿನಿಯ ಕಡೆ ತಿರುಗಿ ಕೇಳಿದಳು, "ಮಗಾ, ಹಣ್ಣು ಆರಿಸಿ ತಂದ್ಮೇಲೆ ಈ ಬೀಜಾನ ಎಲ್ಲಿಟ್ಟಿದ್ದೆ? ಬೇಯಿಸಿದ್ದು ಯಾವಾಗ?"

ವುಂಪಿನಿ ಒಮ್ಮೆ ಅತ್ತೆಯ ಮುಖ ನೋಡಿದಳು. "ನೆನಪಿಲ್ಲ ಅಮ್ಮಾ," ಎಂದಳು. ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಸುಳ್ಳೆಂದು ನನಗೆ ಅಲ್ಲೇ ಗೊತ್ತಾಯಿತು.

ಸಂಜೆ ಬೆಂಕಿ ಕೇಳುವ ನೆಪದಲ್ಲಿ ಜುವೇರಾಳ ಅಂಗಳಕ್ಕೆ ಹೋದೆ. ಅತ್ತೆ ನೀರಿಗೆ ಹೋಗಿದ್ದಳು. ವುಂಪಿನಿ ಒಣಮೆಣಸಿನಕಾಯಿ ಅರೆಯುತ್ತಿದ್ದಳು. ಕಣ್ಣಲ್ಲಿ ನೀರು.

"ಮೆಣಸಿನಕಾಯಿ ಖಾರವಾ?" ಎಂದೆ.

"ಹೂಂ ಅಕ್ಕಾ."

"ಅರಿಯೋ ಮೊದ್ಲೇ ಖಾರ ಹತ್ತಿದ ಹಾಗಿದೆ. ಸರಿ, ನನಗಾದ್ರೂ ಹೇಳು. ಬೀಜ ಎಲ್ಲಿತ್ತು?"

ಅವಳು ಗುಂಡುಕಲ್ಲು ಕೆಳಗಿಟ್ಟಳು. ಮಳೆಗಾಲದ ಮೊದಲಲ್ಲಿ ಅತ್ತೆ ಸೊಸೆ ಕೂಡಿ ಆರಿಸಿದ ಬೀಜ ಅತ್ತೆಯ ಪಾಲಿಗೆ ಹೋಗಿತ್ತು. ಅದನ್ನು ತಂದ ಮರುದಿನವೇ ಬೇಯಿಸಿ ಬಿಸಿಲಿಗೆ ಹರಡಿದ್ದರು. ಆಮೇಲೆ ವುಂಪಿನಿಯ ಪಾಲಿನ ಬೀಜ ಆರಿಸುವ ಹೊತ್ತಿಗೆ ಅವಳಿಗೆ ವಾಂತಿ ಶುರುವಾಯಿತು. ಬೆಳಗಿನ ಜಾವ ಕಾಡಿಗೆ ಹೋಗಬೇಡ, ಹುಲ್ಲಲ್ಲಿ ಹಾವಿರುತ್ತದೆ, ನೀನು ಮಲಗು ಎಂದು ಹೇಳಿ ಅತ್ತೆ ಒಬ್ಬಳೇ ಹೋದಳು. ಬುಟ್ಟಿ ಬುಟ್ಟಿ ಹೊತ್ತು ತಂದಳು. ಕಡಲೆಕಾಯಿ ಬಿತ್ತನೆಯ ಕೆಲಸ ತಲೆಯ ಮೇಲಿತ್ತು, ಬೇಯಿಸಲು ಪುರುಸೊತ್ತಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಹಣ್ಣನ್ನೆಲ್ಲ ಸುರಿದು, ಮೇಲೆ ಎಲೆ ಮುಚ್ಚಿದಳು. ಹಣ್ಣಿನ ತಿರುಳು ತಾನಾಗಿ ಕೊಳೆತು ಬೀಜ ಬಿಡಿಸಿಕೊಳ್ಳುತ್ತದೆ, ಬಿತ್ತನೆ ಮುಗಿದ ಮೇಲೆ ತೆಗೆದರಾಯಿತು ಎಂದಳು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ಬಿತ್ತನೆ ಮುಗಿಯುವ ಹೊತ್ತಿಗೆ ಗುಂಡಿಯಲ್ಲಿ ಮಳೆನೀರು ನಿಂತು ಬೀಜಗಳೆಲ್ಲ ಮೊಳಕೆಯ ಮೂತಿ ಬಿಟ್ಟಿದ್ದವು. ಬಿಸಿಲು ಇರಲಿಲ್ಲವೆಂದು ಒಲೆಯ ಮೇಲಿನ ಅಟ್ಟದಲ್ಲಿ ಹಾಕಿ ಹೊಗೆಗೇ ಒಣಗಿಸಿದಳು.

"ಹಾಗಾದ್ರೆ ಇದನ್ನ ಚಪ್ಪರದಲ್ಲಿ ಹೇಳಬೇಕಿತ್ತು ತಾನೇ ಹುಚ್ಚಿ? ನಿನ್ನ ಕೈಗೆ ಯಾಕೆ ಹೊತ್ಕೊಂಡೆ?"

"ಹ್ಯಾಗೆ ಹೇಳ್ಲಿ ಅಕ್ಕಾ? ನನಗೋಸ್ಕರ ಮಳೇಲಿ ನೆನ್ಕೊಂಡು ಹೊತ್ತು ತಂದ್ರು. ರಾತ್ರಿ ಕುತ್ತಿಗೆ ನೋವು ಅಂತ ನರಳ್ತಿದ್ರು, ನಾನೇ ಬೆಣ್ಣೆ ಹಚ್ಚಿ ತಿಕ್ಕಿದ್ದೆ. ಹತ್ತು ಜನರ ಮುಂದೆ ನಮ್ಮತ್ತೇನೇ ಕೆಡಿಸಿದ್ದು ಅಂತ ಅನ್ನಲಾ?"

"ತವರಿಗೆ ಏನು ಒಯ್ತೀಯ ಮತ್ತೆ?"

"ಅತ್ತೆ ತಮ್ಮ ಬೆಣ್ಣೇನೇ ಬುರುಡೆಗೆ ತುಂಬಿ ಕೊಡ್ತೀನಿ ಅಂದಿದಾರೆ. ಯಾರಿಗೆ ಗೊತ್ತಾಗತ್ತೆ ಅಂತಾರೆ." ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಮ್ಮಮ್ಮನಿಗೆ ಗೊತ್ತಾಗತ್ತೆ ಅಕ್ಕಾ. ಬೆಣ್ಣೆ ಮೂಸಿದ್ರೆ ಯಾರ ಕೈ ಅಂತ ಹೇಳ್ತಾಳೆ. ನನಗೆ ಕೈ ಹಿಡಿದು ಕಲಿಸಿದೋಳು ಅವಳೇ. ಅವಳ ಮುಂದೆ ಆ ಬುರುಡೆ ಹ್ಯಾಗೆ ಇಡ್ಲಿ?"

ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಳು. ನನ್ನ ಬಾಯಿಗೆ ಬೀಗವಿಲ್ಲ ಎಂದು ಊರಿಗೇ ಗೊತ್ತು. ಆದರೂ ಆ ಮಾತನ್ನು ಕಟ್ಟಿಟ್ಟುಕೊಂಡೆ. ಅವಳ ಮೇಲೆ ನನಗೆ ಅಷ್ಟು ಮಮತೆ ಬಂದುಬಿಟ್ಟಿತ್ತು. ನಪಾಗಾಳ ಬಳಿ ಹೋಗಿ ಇಷ್ಟು ಮಾತ್ರ ಹೇಳಿದೆ: "ಜುವೇರಾಳಿಗೆ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ. ಕೈಗೇ ಗೊತ್ತಾಗೋ ಹಾಗೆ ಏನಾದ್ರೂ ಮಾಡು."

ಮುಂದಿನ ಬಾರಿ ಕಡೆಯಲು ಕೂಡಿದಾಗ ನಪಾಗಾ ಚಪ್ಪರದ ನಡುವೆ ಎರಡು ಬೋಗುಣಿ ಇಟ್ಟಳು. ಒಂದರಲ್ಲಿ ತನ್ನ ಬೀಜದ ಹಿಟ್ಟು. ಇನ್ನೊಂದರಲ್ಲಿ ವುಂಪಿನಿಯ ಉಳಿದ ಬೀಜದ ಹಿಟ್ಟು. ಎರಡನ್ನೂ ಒಂದಾದ ಮೇಲೊಂದು ಒಂದೇ ಬಾಣಲೆಯಲ್ಲಿ ಹುರಿದು, ಒಂದೇ ಗಿರಣಿಯಲ್ಲಿ ಬೀಸಿಸಿ ತಂದಿದ್ದಳು.

"ಜುವೇರಾ, ನಿನ್ನ ಕೈಗೆ ಏಳದ ಬೆಣ್ಣೆ ಉಂಟಾ?"

"ಕೇಳ್ತೀಯಲ್ಲ! ನಾನು ಕಡೆದ್ರೆ ಕೆರೆ ಮಣ್ಣಲ್ಲೂ ಏಳತ್ತೆ."

"ಮಣ್ಣು ಬೇಡ. ನಿನ್ನ ಸೊಸೆ ಹಿಟ್ಟನ್ನ ಕಡಿ. ಅವಳು ನನ್ನದನ್ನ ಕಡೀಲಿ. ಕೆಟ್ರೆ ನನ್ನದು ಕೆಡತ್ತೆ, ನಿನಗೇನು ಹೋಗೋದು?"

"ಅವಳ ಕೈ ತಣ್ಣಗಿದೆ ಅಂದ್ನಲ್ಲೇ."

"ತಣ್ಣಗಿದ್ರೆ ಎಲ್ಲರೂ ನೋಡ್ಲಿ. ನಾಳೆಯಿಂದ ನಾನು ಬಾಯಿ ಮುಚ್ಕೊಂಡಿರ್ತೀನಿ."

ನಪಾಗಾ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂಬ ಆಸೆಗೇ ಜುವೇರಾ ಒಪ್ಪಿದಳು ಅಂತ ನನಗನ್ನಿಸುತ್ತದೆ. ತೋಳಿನ ಬಟ್ಟೆ ಮೇಲೇರಿಸಿ, ದೇವರ ಹೆಸರು ಹೇಳಿ ಕೂತಳು. ಎದುರಿಗೆ ವುಂಪಿನಿ ಹೊಟ್ಟೆಗೆ ಒತ್ತದ ಹಾಗೆ ಕಾಲು ಚಾಚಿ ಕೂತು, ಹೆದರಿ ಹೆದರಿ ಹಿಟ್ಟಿಗೆ ಕೈ ಹಾಕಿದಳು.

ಇಬ್ಬರೂ ಕಡೆದರು. ಅಂಗೈ ಅಗಲಿಸಿ ಹಿಟ್ಟನ್ನು ಬಳಿದು ಬಡಿಯುವ ಸದ್ದು ಎರಡೂ ಕಡೆಯಿಂದ ಬರುತ್ತಿತ್ತು. ನಾನು ಇಬ್ಬರಿಗೂ ನೀರು ಹಾಕುತ್ತಿದ್ದೆ, ಹಿಟ್ಟು ಬಿಗಿಯಾದಾಗ ಬೆಚ್ಚಗಿನದು, ಸಡಿಲವಾದಾಗ ತಣ್ಣನೆಯದು. ಸ್ವಲ್ಪ ಹೊತ್ತಿಗೆ ವುಂಪಿನಿಯ ಹಿಟ್ಟು ಬಣ್ಣ ತಿರುಗಿಸಿತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ. ಅವಳು ಕೈ ನಿಲ್ಲಿಸಿ ನೋಡಿದಳು.

"ನಿಲ್ಲಿಸ್ಬೇಡ್ವೇ ಹುಡುಗಿ, ಕಡಿ ಕಡಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಬೆಣ್ಣೆ ಎದ್ದಿತು. ಎಷ್ಟು ಬೆಳ್ಳಗೆ, ಎಷ್ಟು ಮೆತ್ತಗೆ ಎದ್ದಿತು ಎಂದರೆ ನನ್ನ ಕಣ್ಣಲ್ಲೇ ನೀರು ಬಂತು. ವುಂಪಿನಿ ನಗುತ್ತಾ ಅಳುತ್ತಾ ಕಡೆಯುತ್ತಲೇ ಇದ್ದಳು. ಮೂಗಿನ ಮೇಲೂ ಬೆಣ್ಣೆ ಮೆತ್ತಿತ್ತು.

ಈಚೆ ಜುವೇರಾಳ ಬೋಗುಣಿಯಲ್ಲಿ ಅದೇ ಕೆಸರು. ಅವಳು ನೀರನ್ನು ಬೈದಳು. ಗಾಳಿಯನ್ನು ಬೈದಳು. ಚಪ್ಪರದ ಕಂಬಕ್ಕೆ ಮೈ ತಿಕ್ಕುತ್ತಿದ್ದ ಮೇಕೆಗೆ "ನಿನ್ನ ಕಣ್ಣು ಬಿದ್ದದ್ದಕ್ಕೇ ಹೀಗಾಗಿದ್ದು" ಎಂದು ಗದರಿಸಿ ಓಡಿಸಿದಳು.

"ಕುಬುರಾ, ನೀನು ನೀರು ತಪ್ಪು ಹಾಕ್ತಿದೀಯ!"

"ಒಂದೇ ಪಾತ್ರೇದು ಕಣೇ ಇಬ್ಬರಿಗೂ."

"ಹಾಗಾದ್ರೆ ನನ್ನ ಕೈಯೂ ತಣ್ಣಗಾಗಿರ್ಬೇಕು."

"ಯಾಕೆ? ನೀನೂ ಬಸುರಿಯಾ?" ಎಂದಳು ನಪಾಗಾ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಜುವೇರಾ ನಗಲಿಲ್ಲ. ಬೆವರು ಒರೆಸಿಕೊಳ್ಳಲು ಕೈ ಮುಖದ ಹತ್ತಿರ ತಂದವಳು ಅರ್ಧದಲ್ಲೇ ತಡೆದಳು. ಅಂಗೈ ಮೂಸಿದಳು. ಮತ್ತೊಮ್ಮೆ ಮೂಸಿದಳು. ಹೊಗೆಯ ವಾಸನೆ, ಅದರ ಕೆಳಗೆ ಬೂಸ್ಟಿನ ವಾಸನೆ. ಅವಳ ಮುಖ ಇಳಿದುಹೋಯಿತು.

"ಗುಂಡಿ," ಎಂದಳು ಮೆಲ್ಲಗೆ. ಆಮೇಲೆ ಸೊಸೆಯ ಕಡೆ ನೋಡಿದಳು. "ನಿನಗೆ ಗೊತ್ತಿತ್ತು ಅಲ್ವೇನೇ?"

ವುಂಪಿನಿ ಬೆಣ್ಣೆಯನ್ನು ಸುಮ್ಮಸುಮ್ಮನೆ ಸರಿಮಾಡುತ್ತಾ ಕೂತಳು.

"ನಮ್ಮಮ್ಮನೂ ಗುಂಡಿಗೇ ಹಾಕ್ತಿದ್ಳು," ಎಂದಳು ಜುವೇರಾ ಯಾರಿಗೆಂದಿಲ್ಲದೆ. "ಅವಳಿಗೆ ಬೆಣ್ಣೆ ಬರ್ತಿತ್ತು."

"ಬರ್ತಿತ್ತು," ಎಂದಳು ನಪಾಗಾ. ಈಗ ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ನಮ್ಮಮ್ಮನಿಗೂ ಬರ್ತಿತ್ತು. ಒಂದು ಬುಟ್ಟಿಗೆ ಒಂದು ಹಿಡಿ, ಅದೂ ಕಹಿ. ಮೂಗು ಮುಚ್ಕೊಂಡು ಸಾರಿಗೆ ಹಾಕ್ತಿದ್ವಿ, ನೆನಪಿದೆಯಾ? ಅವರಿಗೂ ಬಿತ್ತನೆ ಕೆಲಸ ಇತ್ತು ಜುವೇರಾ. ಬೇಯಿಸೋಕೆ ಕೈ ಸಾಲ್ತಿರ್ಲಿಲ್ಲ, ಅದಕ್ಕೆ ಗುಂಡಿ. ಈಗ ನಾವು ಸಂಘದಲ್ಲಿ ಇಷ್ಟು ಜನ ಇದೀವಿ. ಒಬ್ಬಳಿಗೆ ಆಗದಿದ್ರೆ ಇನ್ನೊಬ್ಬಳು ಬೇಯಿಸಬಹುದು. ನೀನು ಒಂದು ಮಾತು ಕೂಗಿದ್ರೆ ನಾನು ಬರ್ತಿರ್ಲಿಲ್ವಾ?"

"ನಿನ್ನ ಹತ್ರ ಯಾರು ಕೇಳ್ತಾರೆ," ಎಂದಳು ಜುವೇರಾ. ಆದರೆ ಮುಂಚಿನ ಬಿಗಿ ಇರಲಿಲ್ಲ. ಮತ್ತೆ ತಾನೇ ಕೇಳಿದಳು, "ಸರಿ, ಮಳೆ ಹಿಡಿದು ಬಿಸಿಲೇ ಬರದಿದ್ರೆ ನೀನೇನು ಮಾಡ್ತೀಯ? ಹೊಗೆಗೂ ಹಾಕ್ಬಾರ್ದು ಅಂದ್ರೆ?"

ನಪಾಗಾ ಹೇಳಿದಳು. ಹಣ್ಣಿನ ತಿರುಳು ತಿನ್ನಲಿಕ್ಕೆ, ಅದನ್ನು ಆಗಿಂದಾಗಲೇ ಬಿಡಿಸಬೇಕು. ಬೀಜ ತಂದ ಒಂದೆರಡು ದಿನದಲ್ಲೇ ಬೇಯಿಸಬೇಕು, ಬೆಂದರೆ ಮೊಳೆಯುವ ಶಕ್ತಿ ಸಾಯುತ್ತದೆ. ಬೇಯಿಸುವಾಗ ನೀರಿನಲ್ಲಿ ತೇಲುವ ಪೊಳ್ಳು ಬೀಜ ತೆಗೆದು ಎಸೆಯಬೇಕು. ಬೆಂದದ್ದನ್ನು ಚಾಪೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡಬೇಕು. ಮಳೆ ಬಂದರೆ, ವಾಸನೆ ಹಿಡಿಸುವ ಹೊಗೆಯಿಂದ ದೂರ, ಒಳಗೆ ತಂದು, ರಾಶಿ ಹಾಕದೆ, ಗಾಳಿಯಾಡುವಲ್ಲಿ ಹರಡಿ ಆಗಾಗ ಕೈಯಾಡಿಸಬೇಕು. ಬಿಸಿಲು ಬಂದ ಕೂಡಲೇ ಮತ್ತೆ ಹೊರಗೆ. ಒಣಗಿದ ಮೇಲೆ ಓಡು ಒಡೆದು, ತಿರುಳನ್ನು ಇನ್ನೊಮ್ಮೆ ಒಣಗಿಸಿ, ಗೋಣಿಚೀಲದಲ್ಲಿ ತುಂಬಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಬೆವತು ಬೂಸ್ಟು ಹಿಡಿಯುತ್ತದೆ.

"ಇಷ್ಟು ಹೇಳೋಕೆ ನಿನ್ನನ್ನ ತಮಾಲೆಗೆ ಕರೆಸಿದ್ರಾ?"

"ಇಷ್ಟಕ್ಕೇ. ಬಿಸ್ಕತ್ತು ಬೇರೆ ಕೊಟ್ರು."

ಜುವೇರಾ ಈ ಸಲ ನಕ್ಕಳು. ಎದ್ದು ಬೋಗುಣಿಯ ಕೆಸರನ್ನು ತಾನೇ ಎತ್ತಿ ಚಪ್ಪರದ ಹಿಂದೆ ಸುರಿದು ಬಂದಳು. ಅದು ಒಣಗಿದ ಮೇಲೆ ಒಲೆಗೆ ಉರುವಲಾಗುತ್ತದೆ, ನಮ್ಮಲ್ಲಿ ಯಾವುದೂ ದಂಡವಾಗುವುದಿಲ್ಲ. ಬಳಿಕ ಸೊಸೆಯ ಬೋಗುಣಿಯ ಪಕ್ಕ ಕೂತು, ಎದ್ದ ಬೆಣ್ಣೆಯನ್ನು ತಿಳಿನೀರಲ್ಲಿ ತೊಳೆಯಲು ಕೈಕೂಡಿಸಿದಳು. ತೊಳೆದ ಬೆಣ್ಣೆಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿದೆವು. ಗಸಿ ತಳಕ್ಕಿಳಿದು ಮೇಲೆ ಹೊಂಬಣ್ಣದ ಎಣ್ಣೆ ನಿಂತಿತು. ಅದನ್ನು ಸೋಸಿ, ತಣ್ಣಗಾಗುವವರೆಗೆ ವುಂಪಿನಿ ಕೈಯಾಡಿಸಿದಳು. ಬೆಳಗಾಗುವಷ್ಟರಲ್ಲಿ ಗಟ್ಟಿ ಬೆಣ್ಣೆ.

"ಬೀಜ ನನ್ನದು, ಕೈ ನಿನ್ನದು," ಎಂದಳು ನಪಾಗಾ. "ಬುರುಡೆ ತುಂಬ್ಕೋ. ಮಿಕ್ಕಿದ್ದು ನನಗೆ. ನನ್ನ ಹಿಮ್ಮಡಿ ನೋಡು, ಹೊಲದ ಹಾಗೆ ಬಿರುಕು ಬಿಟ್ಟಿದೆ."

ಉತ್ತರದ ಒಣಗಾಳಿ ಬೀಸಲು ಶುರುವಾದಾಗ ನಾವು ವುಂಪಿನಿಯನ್ನು ತವರಿಗೆ ಕರೆದೊಯ್ದೆವು. ಜುವೇರಾ, ನಾನು, ನಡುವೆ ಅವಳು. ದಾರಿಯುದ್ದಕ್ಕೂ ಧೂಳು. ತುಟಿ ಒಡೆದಾಗಲೆಲ್ಲ ಒಂದು ಚೂರು ಬೆಣ್ಣೆ ಸವರಿಕೊಂಡೆವು, ಅದು ಜುವೇರಾ ಮನೆಯಿಂದ ತಂದದ್ದು. ಬುರುಡೆಯ ಬೆಣ್ಣೆಯನ್ನು ವುಂಪಿನಿ ಯಾರಿಗೂ ಮುಟ್ಟಗೊಡಲಿಲ್ಲ. ನಾನು ಹೊರುತ್ತೇನೆ ಎಂದರೂ ಕೊಡಲಿಲ್ಲ. ತಾನೇ ತಲೆಯ ಮೇಲಿಟ್ಟುಕೊಂಡು ಕತ್ತು ನೆಟ್ಟಗೆ ಮಾಡಿಕೊಂಡು ನಡೆದಳು.

ವುಂಪಿನಿಯ ತಾಯಿ ಮಾತು ಕಡಿಮೆಯ ಹೆಂಗಸು. ಕುಡಿಯಲು ನೀರು ಕೊಟ್ಟಳು, ಕ್ಷೇಮ ಕೇಳಿದಳು, ಬೆಣ್ಣೆ ಹಾಕಿ ಬೇಯಿಸಿದ ಅಲಸಂದೆ ತಂದಿಟ್ಟಳು. ನಾವು ಉಂಡು ಕೈ ತೊಳೆದ ಮೇಲೆ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದಳು. ಬೆರಳು ತುದಿಯಲ್ಲಿ ಒಂದು ಚೂರು ತೆಗೆದು ಮೂಸಿದಳು. ಮುಂಗೈಗೆ ತಿಕ್ಕಿ ನೋಡಿದಳು. ವುಂಪಿನಿ ಉಸಿರು ಹಿಡಿದು ಕೂತಿದ್ದಳು.

"ನನ್ನ ಮಗಳ ಕೈ," ಎಂದಳು ತಾಯಿ. ಅಷ್ಟೇ ಹೇಳಿದ್ದು. ವುಂಪಿನಿಯ ಮುಖ ಅರಳಿತು.

ಅಲ್ಲಿಗೆ ಮುಗಿಸಬಹುದಿತ್ತು. ಹಳೆಯದನ್ನು ಕೆದಕುವ ಅಗತ್ಯ ಯಾರಿಗೂ ಇರಲಿಲ್ಲ. ಆದರೆ ಜುವೇರಾ ಗಂಟಲು ಸರಿಮಾಡಿಕೊಂಡಳು.

"ಬೀಗಿತ್ತಿ, ಒಂದು ಮಾತು ಹೇಳ್ಬೇಕು. ಈ ಕೈ ತಣ್ಣಗಾಗಿದೆ, ಕೈಗುಣ ಸರಿಯಿಲ್ಲ ಅಂತ ಊರವರ ಮುಂದೆ ಅಂದೋಳು ನಾನು. ಬೋಗುಣಿ ಮುಟ್ಬೇಡ ಅಂದೋಳೂ ನಾನೇ."

"ಅತ್ತೆ, ಬಿಡಿ," ಎಂದಳು ವುಂಪಿನಿ.

"ನೀನು ಸುಮ್ನಿರು. ನೀನು ಸುಮ್ನಿದ್ದಿದ್ದು ಸಾಕಾಗಿದೆ." ಮತ್ತೆ ಬೀಗಿತ್ತಿಯ ಕಡೆ ತಿರುಗಿದಳು. "ಇವಳ ಬೀಜಾನ ಗುಂಡಿಗೆ ಹಾಕಿ ಮೊಳೆಸಿದ್ದು ನಾನು. ಹೊಗೆಗೆ ಹಾಕಿ ಕೆಡಿಸಿದ್ದು ನಾನು. ಇವಳಿಗೆ ಎಲ್ಲಾ ಗೊತ್ತಿತ್ತು. ನನ್ನ ಮಾನ ಹೋಗ್ಬಾರ್ದು ಅಂತ ತನ್ನ ಕೈಗೆ ಹೊತ್ಕೊಂಡು ಕೂತಿದ್ಳು. ನಾನು ಹೆತ್ತ ಮಗಳೂ ಹೀಗೆ ಮಾಡ್ತಿರ್ಲಿಲ್ಲ. ನೀನು ಇವಳಿಗೆ ಬೆಣ್ಣೆ ಕಡಿಯೋದು ಮಾತ್ರ ಕಲಿಸಿದೀಯ ಅಂದ್ಕೊಂಡಿದ್ದೆ." ಅವಳ ದನಿ ಒಡೆಯಿತು.

ವುಂಪಿನಿಯ ತಾಯಿ ಬುರುಡೆಗೆ ಮತ್ತೆ ಕೈ ಹಾಕಿ, ಈ ಸಲ ಬೆರಳ ತುಂಬ ಬೆಣ್ಣೆ ತೆಗೆದಳು. ಮೊಮ್ಮಗುವಿಗೆ ಎಂದು ತಂದದ್ದು, ನಾನು ಬೇಡ ಎನ್ನಲು ಬಾಯಿ ತೆರೆದೆ. ಅವಳು ಜುವೇರಾಳ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, ಒಣಗಾಳಿಗೆ ಬಿರಿದು ರಕ್ತ ಜಿನುಗುತ್ತಿದ್ದ ಗೆಣ್ಣುಗಳಿಗೆ ಆ ಬೆಣ್ಣೆ ಹಚ್ಚಿ, ಹಸುಗೂಸಿಗೆ ತಿಕ್ಕುವಂತೆ ಮೆಲ್ಲಗೆ ತಿಕ್ಕತೊಡಗಿದಳು.

"ನನ್ನ ಮಗಳಿಗೋಸ್ಕರ ಮಳೇಲಿ ಬೀಜ ಹೊತ್ತ ಕೈ ಇದು," ಎಂದಳು. "ಮೊದ್ಲು ಇದಕ್ಕೆ."

ಅಕ್ಕಂದಿರೇ, ತಂಗಿಯರೇ, ಇದನ್ನು ಸಂಘದಲ್ಲಿ ಕೂತು ಕೇಳುತ್ತಿರುವ ನನ್ನ ಗೆಳತಿಯರೇ, ಮಳೆ ಬೀಳುವ ಮೊದಲು ನಿಮ್ಮ ಹಿತ್ತಲಿಗೆ ಒಮ್ಮೆ ಹೋಗಿ ನೋಡಿ. ಅಲ್ಲಿ ಗುಂಡಿಯಿದ್ದರೆ ಇವತ್ತೇ ಮುಚ್ಚಿ. ಬೆಳಗಿನ ಜಾವ ಬೀಜಕ್ಕೆ ಹೋಗುವಾಗ ಕಾಲಿಗೆ ಬೂಟು ಹಾಕಿ, ಕೈಯಲ್ಲಿ ಕೋಲು ಹಿಡಿಯಿರಿ. ತಾನಾಗಿ ಉದುರಿದ ಹಣ್ಣನ್ನೇ ಆರಿಸಿ, ಕೊಂಬೆ ಅಲುಗಿಸಿ ಎಳೆಯದನ್ನು ಬೀಳಿಸಬೇಡಿ. ತಂದದ್ದನ್ನು ತಡಮಾಡದೆ ಬೇಯಿಸಿ, ಬಿಸಿಲಿಗೆ ಹರಡಿ, ಹೊಗೆಯಿಂದ ದೂರ ಇಡಿ. ಪಕ್ಕದ ಮನೆಯಲ್ಲಿ ಬಸುರಿಯೋ ಬಾಣಂತಿಯೋ ಕಾಯಿಲೆಯವಳೋ ಇದ್ದರೆ ಅವಳ ಬೀಜವನ್ನೂ ನಿಮ್ಮ ಹಂಡೆಗೆ ಸುರಿದುಕೊಳ್ಳಿ, ಒಲೆ ಹೇಗೂ ಉರಿಯುತ್ತಿರುತ್ತದೆ. ಇಷ್ಟೆಲ್ಲ ಆಗಿಯೂ ಯಾವತ್ತಾದರೂ ಬೆಣ್ಣೆ ಏಳದಿದ್ದರೆ, ಮೊದಲು ಒಂದು ತಿರುಳು ಒಡೆದು ನೋಡಿ. ಅದನ್ನು ನೋಡುವವರೆಗೆ ಯಾವ ಹೆಣ್ಣಿನ ಕೈಯ ಬಗ್ಗೆಯೂ ಮಾತಾಡಬೇಡಿ.